ಮೆಂಬರ ಸಾಹೇಬರ ತಾಲೀಮಿನಲ್ಲಿ ಎದೆಯ ಅಳತೆ

ನಿಲಂಗಾದ ಶಾಲೆಗೆ ಹೊಸದಾಗಿ ಬಂದ ಕವಾಯತು ಮಾಸ್ತರರೊಬ್ಬರು ಮೊನ್ನೆ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಕೊರಳಲ್ಲಿ ಹೊಸ ಸೀಟಿ, ಕಾಲಲ್ಲಿ ಹೊಸ ಬೂಟು, ಮುಖದಲ್ಲಿ ಮಾತ್ರ ಹಳೆಯ ಗಾಬರಿ. "ಹುಡುಗರು ನನ್ನ ಮಾತ ಕೇಳಲ್ಲರಿ. ಹೆಡ್ ಮಾಸ್ತರರು ಮೈದಾನದಾಗ ಜ್ವಾಳ ಒಣಗಲಿಕ್ಕ ಹಾಕ್ಯಾರ. ನೀವು ಹ್ಯಾಂಗ ನಡೆಸಿದಿರಿ ಇಷ್ಟು ವರ್ಷ?" ಎಂದು ಕೇಳಿದರು. ಚಹಾ ಕೊಟ್ಟು, ಜೋಳ ತಾನಾಗಿಯೇ ಒಣಗುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಇಷ್ಟು ದೂರ ನಡೆದು ಬಂದವರಿಗೆ ಇನ್ನಷ್ಟು ಹೇಳಬೇಕಿತ್ತು ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿಯ ಸುದ್ದಿ ಇದರಲ್ಲಿ ಇಲ್ಲ. ತಾಲೀಮಿಗೆ ಕವಾಯತು ಮಾಸ್ತರನಾಗಿ ಸೇರಿ, ಆಮೇಲೆ ಶಾಲೆಯಲ್ಲೂ ಕವಾಯತು ಮಾಸ್ತರನಾಗಿಯೇ ಪೆನ್ಶನ್ ತೆಗೆದುಕೊಂಡವನಿಗೆ ಆ ಅಧ್ಯಾಯದ ಕಾಗದ ಉಳಿಯುತ್ತದೆ.

ನನ್ನದು ಔರಾದ ಶಹಾಜನಿಯ ಕಡೆಯ ಒಕ್ಕಲುತನದ ಮನೆ. ಹೊಲಕ್ಕೆ ಅಣ್ಣಂದಿರು ಬೇಕಾದಷ್ಟು ಇದ್ದರು, ಆದ್ದರಿಂದ ನಾನು ಹೈದರಾಬಾದಿಗೆ ಹೋಗಿ ನಿಜಾಮ ಸರಕಾರದ ಪಲಟಣಿಗೆ ಸೇರಿದೆ. ಆಗಿನ ಭರತಿಯ ಪದ್ಧತಿ ಸರಳವಾಗಿತ್ತು. ಜಮಾದಾರ ಸುತ್ತು ಬಂದು ನೋಡಿದ, ಬೆನ್ನಿಗೆ ಒಂದು ಗುದ್ದು ಹಾಕಿದ. ನಾನು ಬೀಳಲಿಲ್ಲ. ಭರತಿಯಾದೆ. ಕೆಲವು ವರ್ಷದ ಮೇಲೆ ಸರಕಾರಿ ಕುದುರೆಯೊಂದು ಮೊಣಕಾಲಿಗೆ ಒದ್ದು ನನ್ನನ್ನು ಊರಿಗೆ ಕಳಿಸಿತು. ಮನೆಯಲ್ಲಿ ಅತ್ತಿಗೆಯರು "ಸಿಪಾಯಿ ಬಂದಾನ, ಎಮ್ಮಿ ಕಾಯಲಿಕ್ಕ ಆಯ್ತು" ಎಂದು ಚಾಷ್ಟಿ ಮಾಡುತ್ತಿದ್ದ ದಿನಗಳಲ್ಲಿ ಹುಡುಗರಿಗೆ ಕವಾಯತು ಕಲಿಸುವ ಮಾಸ್ತರ ಬೇಕೆಂದು ಉದಗೀರದಿಂದ ರಾಚಪ್ಪ ವಕೀಲರ ಕರೆ ಬಂತು.

ರಾಚಪ್ಪ ವಕೀಲರು ಆಗ ಹೈದರಾಬಾದಿನ ಕಾನೂನು ಕೌನ್ಸಿಲ್ಲಿನ ಮೆಂಬರ್ ಆಗಿದ್ದರು. ಕಾಯದೆ ಮಾಡುವ ಆ ಸಭೆಯಲ್ಲಿ ನಮ್ಮ ಸೀಮೆಯವರು ಕೂತದ್ದೇ ಅಪರೂಪ, ಹಾಗಾಗಿ ಉದಗೀರದಿಂದ ಉಮರ್ಗಾದವರೆಗೆ ಅವರನ್ನು ಎಲ್ಲರೂ ಮೆಂಬರ ಸಾಹೇಬ ಎಂದೇ ಕರೆಯುತ್ತಿದ್ದರು. ಭಾರಿ ಮೈಯ ಮನುಷ್ಯ. ಹಣೆಗೆ ಮೂರು ಬೆರಳಿನ ವಿಭೂತಿ, ತಲೆಗೆ ಜರಿಯ ರುಮಾಲು, ನಾಲಿಗೆಯ ಮೇಲೆ ಅಚ್ಚ ಕಚೇರಿಯ ಉರ್ದು. ಅವರ ಅಂಗಳದಲ್ಲಿ ನಾನು ಕೂರುವ ಮೊದಲೇ ಅವರು ವಿಷಯಕ್ಕೆ ಬಂದರು.

"ಮಾಸ್ತರ, ಕೌನ್ಸಿಲ್ಲಿನ್ಯಾಗ ಒಬ್ಬ ದೊಡ್ಡ ಜಾಗೀರದಾರ ನನಗ ಏನಂದಾನ ಗೊತ್ತದೇನು? ನಿಮ್ಮ ಕಡಿ ಮಂದಿಗಿ ಜ್ವಾಳ ಬೆಳೀಲಿಕ್ಕ ಬರ್ತದ, ಬೆಳೆದದ್ದು ತೂಗಲಿಕ್ಕ ಬರ್ತದ. ಕತ್ತಿ ಹಿಡಿಯೂದು ನಿಮ್ಮ ಕೆಲಸ ಅಲ್ಲ ಅಂದಾನ. ಮೈಯಾಗ ಜ್ವಾಳದ ಸುಂಕು ಹೊಕ್ಕಂಗ ಆಗ್ಯಾದ ನನಗ, ಎಷ್ಟು ಕೆರಕೊಂಡರೂ ಹೋಗವಲ್ದು."

ಅವರು ತಮ್ಮ ಹಳೆಯ ಅಡತಿಯ ಕೋಠಿಯನ್ನು ಖಾಲಿ ಮಾಡಿಸಿದ್ದರು. ಕಾಳಿನ ಚೀಲ ಇದ್ದಲ್ಲಿ ಕೆಮ್ಮಣ್ಣು ಹಾಕಿಸಿ, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಅಖಾಡ ಮಾಡಿಸಿದ್ದರು. ಇಲ್ಲಿ ತಾಲೀಮು, ಅಂದರೆ ಗರಡಿ, ನಡೆಯಬೇಕು, ಹುಡುಗರ ಮೈ ಬೆಳೆಯಬೇಕು, ಕವಾಯತು ಕಲಿಯಬೇಕು, ಪಲಟಣಿಗೆ ಹೋಗಬೇಕು. ಇದು ಅವರ ಯೋಜನೆ. ನಿಲಂಗಾದಲ್ಲಿ, ಉಮರ್ಗಾದಲ್ಲಿ ಇದೇ ತಾಲೀಮಿನ ಮರಿ ತಾಲೀಮುಗಳು ಆಗಬೇಕು. ಹೇಳುತ್ತ ಹೇಳುತ್ತ ಉತ್ಸಾಹಕ್ಕೆ ಬಂದು, ತಾವೇ ನೆಲಕ್ಕೆ ಕೈ ಊರಿ ಒಂದು ದಂಡ ಹಾಕಿ ಉದ್ಘಾಟನೆ ಮಾಡುತ್ತೇನೆಂದು ಕೆಮ್ಮಣ್ಣಿಗೆ ಇಳಿದರು. ಕೆಳಗೆ ಹೋದರು. ಮೇಲೆ ತರಲು ನಾನು ಮತ್ತು ಅವರ ಗಾಡಿಯವ ಇಬ್ಬರೂ ಬೇಕಾಯಿತು. "ಇರಲಿ, ಅರ್ಧ ದಂಡದಲೇ ಶುರು ಆಯ್ತು" ಎಂದು ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಅವತ್ತೇ ನಾನು ಅವರ ಮನುಷ್ಯನಾದೆ.

ಹುಡುಗರನ್ನು ಕೂಡಿಸಲು ಎತ್ತಿನ ಗಾಡಿಯಲ್ಲಿ ಊರೂರು ತಿರುಗಿದೆವು. ಕಾಸಾರಶಿರಸಿಯ ಸಂತೆ, ಶಿರೂರ ಅನಂತಪಾಳದ ಚಾವಡಿ, ಎಲ್ಲಿ ನಾಲ್ಕು ಜನ ಕೂಡಿದರೋ ಅಲ್ಲಿ ಸಾಹೇಬರ ಭಾಷಣ. ಉಮರ್ಗಾದಲ್ಲಿ ಅವರು ಪೂರಾ ಕಚೇರಿಯ ಉರ್ದುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಮುಗಿದ ಮೇಲೆ ಮುಂದೆ ಕೂತಿದ್ದ ಮುದುಕ ರೈತರೊಬ್ಬರು ಕೈಮುಗಿದು ಎದ್ದರು. "ವಕೀಲರ, ಮಾತ ಲಈ ಚಲೋ ಆದವು. ಆದರ ಈ ಖಟ್ಲೆ ಹಾಕಿದ್ದು ಯಾರ ಮ್ಯಾಲ ರೀ?" ಎಂದು ಕೋರ್ಟಿನ ವಾದವೆಂದೇ ತಿಳಿದು ಕೇಳಿದರು. ಮುಂದಿನ ಊರಿನಿಂದ ಸಾಹೇಬರು ಮನೆಯ ಮಾತಿನಲ್ಲೇ ಭಾಷಣ ಮಾಡಿದರು. ಹುಡುಗರು ಬರತೊಡಗಿದರು.

ಬಂದವರಲ್ಲಿ ಹೆಚ್ಚು ಕಡಿಮೆ ಅರ್ಧ ಒಕ್ಕಲುತನದ ಮನೆಯ ಮಕ್ಕಳು, ಅರ್ಧ ಪೇಟೆಯ ವ್ಯಾಪಾರಿಗಳ ಮಕ್ಕಳು. ಪಲಟಣಿಯಲ್ಲಿ ನಾನು ಕಲಿತಂತೆ "ದಾಹಿನೇ ಮುಡ್" ಎಂದು ಕೂಗಿದರೆ ಅರ್ಧ ಜನ ಬಲಕ್ಕೆ ತಿರುಗಿದರು, ಅರ್ಧ ಎಡಕ್ಕೆ ತಿರುಗಿದರು, ಒಬ್ಬ ಕೂತೇಬಿಟ್ಟ. ಗಂಟಲು ಹರಿಯುವವರೆಗೆ ಕೂಗಿ ನೋಡಿದೆ. ಕೊನೆಗೆ ರೈತರ ಮಕ್ಕಳಿಗೆ "ಬಲಗಡಿ ಎತ್ತು ಎಲ್ಲಿ ಕಟ್ಟತೀರಿ, ಆ ಕಡಿ" ಎಂದೆ. ಹುಟ್ಟಿದಾಗಿನಿಂದ ನೊಗ ಕಂಡವರು, ಒಬ್ಬನೂ ತಪ್ಪಲಿಲ್ಲ. ವ್ಯಾಪಾರಿಗಳ ಮಕ್ಕಳಿಗೆ ಎತ್ತು ಗೊತ್ತಿರಲಿಲ್ಲ, ತಕ್ಕಡಿ ಗೊತ್ತಿತ್ತು. "ಕಲ್ಲು ಇಡೋ ಕೈ, ಮಾಲು ಹಾಕೋ ಕೈ" ಎಂದೆ. ಅವರೂ ಸರಿಯಾದರು. ದಾರಿಯಲ್ಲಿ ಹೋಗುವ ಹೆಂಗಸರು ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಪುಸ್ತಕದ ಕವಾಯತು ನಡೆಯದಿದ್ದರೆ ಹುಡುಗನ ಮನೆಯಲ್ಲಿ ಏನಿದೆ ನೋಡಿ, ಅದರಿಂದ ಶುರು ಮಾಡಿ. ನನ್ನ ಇಡೀ ವಿದ್ಯೆ ಇಷ್ಟೇ.

ತಾಲೀಮು ಚೆನ್ನಾಗಿ ನಡೆಯುತ್ತಿದೆ ಅನ್ನುವಾಗ ತಹಶೀಲ್ದಾರರ ಕಣ್ಣು ಬಿತ್ತು. ಇಷ್ಟು ಜನ ತರುಣರು ದಿನಾ ಕೂಡುತ್ತಾರೆ, ಲಾಠಿ ತಿರುಗಿಸುತ್ತಾರೆ, ಯಾರ ಹುಕುಮಿನಿಂದ? ಜವಾನ ಬಂದು ಬೀಗ ತೋರಿಸಿ ಹೋದ. ಸಾಹೇಬರು ಹೈದರಾಬಾದಿಗೆ ಹೋಗಿ, ಇದು ಸರಕಾರದ ಪಲಟಣಿಗೆ ಜನ ತಯಾರು ಮಾಡುವ ಸಂಸ್ಥೆ ಎಂದು ವಾದಿಸಿ ಪರವಾನಗಿ ತಂದರು. ಅದನ್ನು ನೋಡಿ ತಹಶೀಲ್ದಾರರು ಮೀಸೆಯಲ್ಲೇ ನಕ್ಕು, "ಬಹುತ್ ಖೂಬ್. ಬರುವ ಭರತಿಯಲ್ಲಿ ನಿಮ್ಮ ತಾಲೀಮಿನ ಒಬ್ಬನಾದರೂ ಪಾಸಾಗಿ ತೋರಿಸಲಿ. ಆಗದಿದ್ದರೆ ಅವತ್ತೇ ಸಂಜೆ ಬೀಗ" ಎಂದರು.

ಅದು ಜರ್ಮನರ ಲಡಾಯಿಯ ಕಾಲ. ಸರಕಾರಕ್ಕೆ ಜನ ಬೇಕಾಗಿತ್ತು, ಆದರೆ ಗುದ್ದು ಹಾಕಿ ಸೇರಿಸಿಕೊಳ್ಳುವ ಪದ್ಧತಿ ಹೋಗಿತ್ತು. ಈಗ ಡಾಕ್ಟರು ಬರುತ್ತಿದ್ದರು. ಹಲ್ಲು, ಕಣ್ಣು, ಪಾದ ನೋಡುತ್ತಿದ್ದರು, ಟೇಪು ಹಿಡಿದು ಎದೆ ಅಳೆಯುತ್ತಿದ್ದರು. ಸಾಹೇಬರು ಹೈದರಾಬಾದಿನಿಂದ ಅಂಥದೇ ಒಂದು ಟೇಪು ತಂದು, ಸರಕಾರ ಹೇಳಿದ ಅಳತೆಗೆ ಸರಿಯಾಗಿ ಮಸಿಯ ಗೀಟು ಹಾಕಿ ನನ್ನ ಕೈಗೆ ಕೊಟ್ಟರು. "ಮಾಸ್ತರ, ಈ ಗೀಟು ದಾಟಿಸೂದು ನಿಮ್ಮ ಜಿಮ್ಮಾ" ಎಂದರು. ತಾಲೀಮು ಮುಚ್ಚಿದರೆ ಈ ಹುಡುಗರು ಮತ್ತೆ ಆಲದ ಕಟ್ಟೆಯ ಇಸ್ಪೀಟಿಗೆ, ನಾನು ಅತ್ತಿಗೆಯರ ಎಮ್ಮೆಗೆ. ನನಗೆ ನಿಜವಾಗಿ ಹೆದರಿಕೆಯಾಯಿತು.

ನಮ್ಮ ದೊಡ್ಡ ಆಸೆ ಬಂಡೆಪ್ಪನ ಮೇಲೆ. ಶಿರೂರ ಅನಂತಪಾಳದ ಕಡೆಯವನು, ಬಾಗಿಲಲ್ಲಿ ನಿಂತರೆ ತಲೆ ಚೌಕಟ್ಟಿಗೆ ತಾಗುವಷ್ಟು ಎತ್ತರ. ಆದರೆ ಅವನ ತಾಯಿ ನೀಲಮ್ಮನಿಗೆ ಮಗ ಪಲಟಣಿಗೆ ಹೋಗುವುದು ಬೇಡವಾಗಿತ್ತು. ಸಾಹೇಬರೂ ನಾನೂ ಅವರ ಮನೆಗೆ ಹೋದೆವು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಸಾಹೇಬರನ್ನು ವಿಚಾರಣೆ ಮಾಡಿದಳು.

"ಅಲ್ಲಿ ಅಡಗಿ ಯಾರ ಮಾಡ್ತಾರ ರೀ?"

"ನಮ್ಮವರೇ ಮಾಡ್ತಾರ ಅವ್ವಾ. ನಮ್ಮ ಮಂದಿಗಿ ಬ್ಯಾರೆ ಒಲಿ ಇರಬೇಕಂತ ನಾ ಕೌನ್ಸಿಲ್ಲಿನ್ಯಾಗ ಕೇಳೀನಿ, ಒಪ್ಪ್ಯಾರ."

"ಅದು ಇರಲಿ. ನನ್ನ ಮಗನ ಕೊರಳಾಗಿನ ಲಿಂಗ? ತೊಟ್ಟಲದಾಗ ಇದ್ದಾಗ ಅಯ್ಯನೋರು ಕಟ್ಟ್ಯಾರ. ಅದು ಇಳೀತಂದರ ಅಂವಾ ನನ್ನ ಪಾಲಿಗಿ ಇಲ್ಲ."

"ಯಾರೂ ಇಳಸೂದಿಲ್ಲವ್ವಾ, ನನ್ನ ಮಾತದ."

"ನಿಮ್ಮ ಮಾತ ಕೋರ್ಟಿನ್ಯಾಗ ನಡೀತದ ವಕೀಲರ. ನನ್ನ ಮನ್ಯಾಗ ಈಬತ್ತಿ ನಡೀತದ" ಎಂದು ಹಿಟ್ಟಿನ ಕೈ ತೊಳೆದು, ವಿಭೂತಿಯ ಗಟ್ಟಿ ತಂದು ಅವರ ಅಂಗೈ ಮೇಲೆ ಇಟ್ಟಳು. ಕೌನ್ಸಿಲ್ಲಿನ ಮೆಂಬರರು ಒಲೆಯ ಮುಂದೆ ನಿಂತು ಆಣೆ ಮಾಡಿದರು. ನೀಲಮ್ಮ ಆಮೇಲೆ ನಮಗೆ ಬಿಸಿ ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು. ಕೇಸು ಗೆದ್ದಾಗಲೂ ಸಾಹೇಬರು ಅಷ್ಟು ಖುಷಿಯಿಂದ ಉಂಡದ್ದನ್ನು ನಾನು ನೋಡಿಲ್ಲ.

ಪ್ರತಿ ಸೋಮವಾರ ಅಳತೆ. ಬಂಡೆಪ್ಪ ಮೊದಲ ತಿಂಗಳಲ್ಲೇ ಗೀಟು ದಾಟಿದ. ಒಬ್ಬೊಬ್ಬರಾಗಿ ಉಳಿದವರೂ ದಾಟಿದರು. ದಾಟಿದವರು ಮೀಸೆ ತಿರುವಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಹಿಂದೆ ಬಿದ್ದವನು ಒಬ್ಬನೇ, ಪಿಂಜಾರರ ಲತೀಫ. ಮೊದಲ ದಿನದಿಂದ ತಾಲೀಮಿಗೆ ಬಂದವನು. ಅಪ್ಪನ ಜೊತೆ ಹತ್ತಿ ಹಿಂಜುತ್ತಿದ್ದ, ರಟ್ಟೆ ಕಬ್ಬಿಣದಂತೆ ಇದ್ದವು. ನೋಡಿದರೆ ಉಳಿದವರಿಗಿಂತ ಕಡಿಮೆ ಏನೂ ಕಾಣುತ್ತಿರಲಿಲ್ಲ, ಟೇಪು ಹಿಡಿದರೆ ಮಾತ್ರ ಗೀಟು ಮುಟ್ಟುತ್ತಿರಲಿಲ್ಲ. "ಲತೀಫ, ಹತ್ತಿ ತಿಂದು ಎದಿ ಹಗುರ ಆಗ್ಯಾದ ನಿಂದು" ಎಂದು ಹುಡುಗರು ಕಾಡಿಸುತ್ತಿದ್ದರು. ಅಂವಾ ನಗುತ್ತಿದ್ದ, ಮತ್ತೆ ಕೆಮ್ಮಣ್ಣಿಗೆ ಇಳಿಯುತ್ತಿದ್ದ. ಎಲ್ಲರೂ ಮೈ ತೊಳೆದು ಮನೆಗೆ ಹೋದ ಮೇಲೂ ಅವನ ದಂಡ ನಡೆದೇ ಇರುತ್ತಿತ್ತು. "ಸಾಕೋ, ನಾಳಿಗಿ ಇರಲಿ" ಎಂದರೆ "ಇಂಥಾ ಮಂದ್ಯಾಗ ನಾ ಒಬ್ಬನೇ ಕಮ್ಮಿ ಬೀಳತೀನಲ್ಲ ಉಸ್ತಾದ, ಶರಮ್ ಆಗ್ತದ" ಎನ್ನುತ್ತಿದ್ದ. ಭರತಿಯ ಹಿಂದಿನ ಸೋಮವಾರ ಅವನ ಎದೆ ಗೀಟನ್ನು ಮುಟ್ಟಿತು. ಮುಟ್ಟಿತು ಅಷ್ಟೇ. ಅವನನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಭರತಿ ನಡೆದದ್ದು ಉದಗೀರದ ಕಿಲ್ಲೆಯ ಮುಂದಿನ ಮೈದಾನದಲ್ಲಿ. ತಹಶೀಲ್ದಾರರು ಶಾಮಿಯಾನದ ಕೆಳಗೆ ಕೂತಿದ್ದರು. ಅವರ ಜವಾನ ಹಿಂದೆ ನಿಂತಿದ್ದ, ಬೀಗ ತಂದಿದ್ದನೋ ಇಲ್ಲವೋ ಎಂದು ನಾನು ಬಗ್ಗಿ ನೋಡಿದೆ. ಡಾಕ್ಟರರು ಹೈದರಾಬಾದಿನವರು, ವಯಸ್ಸಾದವರು, ಮೆತ್ತಗೆ ಮಾತಾಡುವವರು. ಮೊದಲು ಬಂಡೆಪ್ಪನನ್ನೇ ಕಳಿಸಿದೆ. ಅಂಗಿ ತೆಗೆದು ನಿಂತ. ಡಾಕ್ಟರರು ಟೇಪು ಸುತ್ತಿದರು, ನಿಲ್ಲಿಸಿದರು, ಎದೆಯ ಮೇಲೆ ಬೆರಳು ತೋರಿಸಿದರು. "ಯೇ ಕ್ಯಾ ಹೈ?"

ಬಂಡೆಪ್ಪನ ಎದೆಯ ನಡುವೆ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಟೇಪು ಅದರ ಮೇಲೆ ಹಾದಿತ್ತು.

ಇಷ್ಟು ಸೋಮವಾರ ನಾನು ಅಳೆದದ್ದು ಹೀಗೆಯೇ! ಉಳ್ಳವರದು ಬೆಳ್ಳಿ ಕರಡಿಗೆ, ಇಲ್ಲದವರದು ಬಟ್ಟೆಯ ಗಂಟು, ಎಲ್ಲರದ್ದೂ ಲಿಂಗದ ಮೇಲೆಯೇ ಟೇಪು. ನನ್ನ ಎದೆಯ ಮೇಲೂ ಒಂದಿದೆ, ಸಾಹೇಬರ ಎದೆಯ ಮೇಲೂ ಇದೆ. ಹುಟ್ಟಿದಾಗಿನಿಂದ ಮೈಮೇಲೆ ಇರುವುದನ್ನು ನಾವು ಬೇರೆ ವಸ್ತು ಎಂದು ಎಣಿಸುವುದಿಲ್ಲ. ಇನ್ನೊಬ್ಬನ ಲಿಂಗ ಸರಿಸಿ ಅಳೆಯಬೇಕೆಂದು ಇಡೀ ತಾಲೀಮಿನಲ್ಲಿ ಯಾರ ಮನಸ್ಸಿಗೂ ಬರಲಿಲ್ಲ. ಲತೀಫನ ತಾಯಿತ ರಟ್ಟೆಗಿತ್ತು. ಅವನೊಬ್ಬನದೇ ಬರೀ ಎದೆ.

"ಉತಾರೋ" ಎಂದರು ಡಾಕ್ಟರರು. ತೆಗೆದಿಡು ಎಂದು.

"ಇಲ್ರಿ" ಎಂದ ಬಂಡೆಪ್ಪ. ಎರಡೂ ಕೈ ಕರಡಿಗೆಯ ಮೇಲೆ ಇಟ್ಟುಕೊಂಡ. "ಜೀವ ಹೋದರೂ ಇಳಸೂದಿಲ್ರಿ."

ತಹಶೀಲ್ದಾರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಸಾಹೇಬರು ಎದ್ದು ಬಂದು ಡಾಕ್ಟರರಿಗೆ ಉರ್ದುವಿನಲ್ಲಿ ಲಿಂಗವೆಂದರೆ ಏನು, ಅದು ಯಾಕೆ ಮೈ ಬಿಡುವಂತಿಲ್ಲ ಎಂದು ಬಿಡಿಸಿ ಹೇಳಿದರು. ಡಾಕ್ಟರರು ಗೌರವದಿಂದ ಕೇಳಿದರು. ಕೇಳಿ, "ಮೆಂಬರ ಸಾಹೇಬರೇ, ಧರ್ಮದ ವಿಷಯದಲ್ಲಿ ನಾನು ಕೈಹಾಕುವುದಿಲ್ಲ. ನೀವು ಹೂಂ ಅಂದರೆ ಇದ್ದ ಹಾಗೆಯೇ ಅಳೆದು ಬರೆದುಬಿಡುತ್ತೇನೆ" ಎಂದರು.

ಹೂಂ ಎನ್ನಿರಿ, ಹೂಂ ಎನ್ನಿರಿ ಎಂದು ನಾನು ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ. ಒಂದು ಹೂಂ ಅಂದರೆ ಬಂಡೆಪ್ಪ ಪಾಸು, ಅವನ ಹಿಂದಿನ ಸಾಲೆಲ್ಲ ಪಾಸು, ತಾಲೀಮು ಉಳಿಯಿತು, ಜಾಗೀರದಾರನ ಬಾಯಿಗೆ ಬೀಗ ಬಿತ್ತು. ಸಾಹೇಬರ ಮುಖ ಕೆಂಪಾಯಿತು. ಹುಡುಗರ ಸಾಲನ್ನು ಒಮ್ಮೆ ನೋಡಿದರು. ಆಮೇಲೆ ತಮ್ಮ ಅಂಗಿಯೊಳಗೆ ಕೈಹಾಕಿ ತಮ್ಮ ಕರಡಿಗೆಯನ್ನು ಹೊರಗೆ ತೆಗೆದು, ಎಡ ಅಂಗೈಯಲ್ಲಿ ಇಟ್ಟುಕೊಂಡು ಕುತ್ತಿಗೆಯ ಮಟ್ಟಕ್ಕೆ ಎತ್ತಿ ಹಿಡಿದರು.

"ಬಂಡೆಪ್ಪ, ದಿನಾ ಪೂಜಾದಾಗ ಎಲ್ಲಿ ಇಟ್ಟುಕೋತಿ? ಎಡಗೈಯಾಗ ಹೌದಲ್ಲೋ? ಹಂಗೇ ಹಿಡಿ. ಮೈ ಬಿಡಲಿಲ್ಲ, ನಿಮ್ಮವ್ವನ ಮುಂದ ನಾ ಮಾಡಿದ ಆಣಿನೂ ಮುರೀಲಿಲ್ಲ." ಡಾಕ್ಟರರ ಕಡೆ ತಿರುಗಿ, "ಈಗ ಅಳೀರಿ. ಎದಿ ಖರೇ ಎಷ್ಟದ ಅಷ್ಟೇ ಬರೀರಿ. ಶಿವನ್ನ ಲೆಕ್ಕಕ್ಕ ಹಿಡದು ಸರಕಾರಕ್ಕ ಮೋಸ ಮಾಡೂದು ಬ್ಯಾಡ" ಎಂದರು. ಮನೆಯ ಮಾತಿನಲ್ಲೇ ಅಂದರು. ಆಮೇಲೆ ನೆನಪಾಗಿ ಉರ್ದುವಿನಲ್ಲಿ ಇನ್ನೊಮ್ಮೆ ಹೇಳಿದರು.

ಡಾಕ್ಟರರು ಅಳೆದರು. ಬಂಡೆಪ್ಪ ಕಮ್ಮಿ ಬಿದ್ದ. ಬೆರಳಿನಷ್ಟು ಕಮ್ಮಿ. ಮುಂದಿನವನೂ ಅಷ್ಟೇ, ಅವನ ಮುಂದಿನವನೂ ಅಷ್ಟೇ. ಎಡಗೈ ಎತ್ತಿ ಬಂದವರು ತಲೆ ತಗ್ಗಿಸಿ ಹೋಗುತ್ತಿದ್ದರು. ತಹಶೀಲ್ದಾರರು ಜವಾನನ ಕಿವಿಯಲ್ಲಿ ಏನೋ ಹೇಳಿದರು. ಇನ್ನು ಯಾರಿದ್ದಾರೆ ಎಂದು ಡಾಕ್ಟರರು ಕೇಳಿದಾಗ ಸಾಲಿನ ಕೊನೆಯಲ್ಲಿ ಲತೀಫ ಅಂಗಿ ಬಿಚ್ಚುತ್ತಿದ್ದ.

ಅವನಿಗೆ ಎತ್ತಿ ಹಿಡಿಯಲು ಏನೂ ಇರಲಿಲ್ಲ. ಎರಡೂ ಕೈ ಬಿಟ್ಟು ನಿಂತ. ಟೇಪು ಸುತ್ತಿತು. ಡಾಕ್ಟರರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. "ಪಾಸ್" ಎಂದರು.

ಮೊದಲು ಕೂಗಿದವನು ಬಂಡೆಪ್ಪ. ಅಂಥ ಕೂಗನ್ನು ಕಿಲ್ಲೆಯ ಗೋಡೆ ಬಹಳ ಕಾಲದಿಂದ ಕೇಳಿರಲಿಕ್ಕಿಲ್ಲ. ಸೋತವರೆಲ್ಲ ಓಡಿಬಂದು ಲತೀಫನನ್ನು ಹೆಗಲ ಮೇಲೆ ಹೊತ್ತರು. ಸಾಹೇಬರು ಕಣ್ಣು ಒರೆಸಿಕೊಳ್ಳುತ್ತ ತಹಶೀಲ್ದಾರರ ಮುಂದೆ ಹೋಗಿ, "ಹುಜೂರ್, ಒಬ್ಬ ಅಂದಿದ್ದಿರಿ. ಒಬ್ಬ ಆದ" ಎಂದರು. ತಹಶೀಲ್ದಾರರು ಸಿಡುಕು ಮನುಷ್ಯ, ಆದರೆ ಮಾತಿನ ಮನುಷ್ಯ. ಎದ್ದು ನಿಂತು ಲತೀಫನ ಬೆನ್ನು ತಟ್ಟಿದರು. ಬೀಗದ ಸುದ್ದಿ ಮತ್ತೆ ಯಾವತ್ತೂ ಬರಲಿಲ್ಲ.

ಮುಂದಿನ ಸೋಮವಾರ ಸಾಹೇಬರು ತಾಲೀಮಿಗೆ ಬಂದು ನನ್ನ ಟೇಪಿನ ಹಳೆಯ ಗೀಟನ್ನು ಅಳಿಸಿ, ಲತೀಫನ ಎದೆಗೆ ಟೇಪು ಸುತ್ತಿ, ಡಾಕ್ಟರರ ಮುಂದೆ ಅವನು ನಿಂತ ಅಳತೆಗೆ ಹೊಸ ಗೀಟು ಹಾಕಿದರು. ಹಳೆಯದಕ್ಕಿಂತ ಒಂದು ಕೂದಲು ಆಚೆ. ಆ ಗೀಟಿಗೇ ಲತೀಫ ಎಂದು ಹೆಸರು ಬಿತ್ತು, ಅಂದಿನಿಂದ ನಮ್ಮಲ್ಲಿ ಇಂಚಿನ ಮಾತು ನಿಂತಿತು. "ಲತೀಫ ಮುಟ್ಟಿದೇನೋ?" ಎಂದು ಕೇಳುವುದು ಶುರುವಾಯಿತು. ಎಡಗೈ ಎತ್ತಿ ನಿಲ್ಲುತ್ತಿದ್ದರು, ಟೇಪು ಬರೀ ಮೈಗೆ ಹತ್ತುತ್ತಿತ್ತು. ಮುಂದಿನ ಭರತಿಯಲ್ಲಿ ಬಂಡೆಪ್ಪ ಲತೀಫ ಗೀಟು ದಾಟಿ ಪಲಟಣಿಗೆ ಹೋದ, ಅವನ ಹಿಂದೆ ಬೇರೆಯವರು ಹೋದರು. ನೀಲಮ್ಮ ಮಗನನ್ನು ಕಳಿಸಲು ಉದಗೀರದವರೆಗೆ ಬಂದು, ಅವನ ಕೊರಳಿನ ದಾರ ಜಗ್ಗಿ ನೋಡಿ, ಗಟ್ಟಿ ಇದೆ ಎಂದು ಸಮಾಧಾನ ಮಾಡಿಕೊಂಡು ಹೋದಳು.

ಲಡಾಯಿ ಮುಗಿಯಿತು. ಲತೀಫ ಬಹಳ ದೂರದ ಮರಳಿನ ದೇಶದಿಂದ ತಿರುಗಿ ಬಂದ. ಬಂದ ದಿನವೇ ನೆಟ್ಟಗೆ ತಾಲೀಮಿಗೆ ಬಂದ. ಅವತ್ತೂ ಸೋಮವಾರ. ಹೊಸ ಹುಡುಗರು ಅವನ ಹೆಸರನ್ನು ದಿನಾ ಬಾಯಲ್ಲಿ ಆಡುತ್ತಿದ್ದರು, ಅವನನ್ನು ಕಂಡವರಲ್ಲ. ಲತೀಫ ಬಂದಾನ, ಲತೀಫ ಬಂದಾನ ಎಂದು ಮುತ್ತಿಕೊಂಡು, ಅಳೆಯಲೇಬೇಕೆಂದು ಹಟ ಹಿಡಿದರು. ಅಂವಾ ಜ್ವರದಿಂದ ಬಹಳ ಸೊರಗಿದ್ದ. ಬೇಡ ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಅವನೇ ಅಂಗಿ ತೆಗೆದು ನಿಂತ. ಟೇಪು ಸುತ್ತಿದೆ. ಗೀಟು ಬಹಳ ದೂರ ಉಳಿಯಿತು. ಗೀಟನ್ನು ನಾನು ಹೆಬ್ಬೆರಳಿನಲ್ಲಿ ಮುಚ್ಚಿಕೊಂಡೆ.

ಲತೀಫ ನನ್ನ ಹೆಬ್ಬೆರಳು ಸರಿಸಿ ನೋಡಿದ. ನೋಡಿ ಜೋರಾಗಿ ನಕ್ಕ. "ಉಸ್ತಾದ, ನಾನೇ ಲತೀಫ ಮುಟ್ಟಲಿಲ್ಲ!"

ಒಬ್ಬ ಹುಡುಗ ಮೆಲ್ಲಗೆ, ಗೀಟು ಬದಲಿಸೋಣವೇ ಎಂದು ಕೇಳಿದ. ಮೂಲೆಯ ಕುರ್ಚಿಯಲ್ಲಿದ್ದ ಮೆಂಬರ ಸಾಹೇಬರು, "ಯಾಕ? ಇರಲಿ ಅಲ್ಲೇ. ಅಂವಾ ಮತ್ತ ಮುಟ್ಟತಾನ" ಎಂದರು.

ಲತೀಫ ನೆಲಕ್ಕೆ ಕೈಮುಟ್ಟಿಸಿ ಹಣೆಗೆ ಒತ್ತಿಕೊಂಡು ಕೆಮ್ಮಣ್ಣಿಗೆ ಇಳಿದ. ಮೊದಲನೆಯ ದಂಡ ಒಬ್ಬನೇ ಹಾಕಿದ. ಎರಡನೆಯದಕ್ಕೆ ಹುಡುಗರೆಲ್ಲ ಅವನ ಅಕ್ಕಪಕ್ಕ ಇಳಿದರು, ನಾನು ಎಣಿಸತೊಡಗಿದೆ.